ಅಮೆರಿಕಾದ ಸುಂಕ ಮತ್ತು ನಮ್ಮ ಡೇರಿ: ಲೆಕ್ಕ ಕೇಳುವವರು ಯಾರು?



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಸಂಘಗಳಿಗೆ ಲಸಿಕೆ ಹಾಕಲು, ಬರಡು ರಾಸುಗಳ ಶಿಬಿರ ನಡೆಸಲು ಹೋದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ಎದುರಾಗುತ್ತಿದೆ. “ಡಾಕ್ಟ್ರೇ, ಟಿ.ವಿ.ಯಾಗ ದಿನಾ ಅಮೆರಿಕಾದ ಸುಂಕ, ಸುಂಕ ಅಂತಾರಲ್ರಿ, ಅದರಿಂದ ನಮ್ಮ ಹಾಲಿನ ದರ ಇಳಿತೈತೇನ್ರಿ?”

ಚಿಕ್ಕ ಉತ್ತರ: ತಕ್ಷಣಕ್ಕೆ ಇಲ್ಲ. ನಮ್ಮ ದೇಶದ ಹಾಲು ಬಹುಪಾಲು ನಮ್ಮ ದೇಶದಲ್ಲೇ ಖರ್ಚಾಗುತ್ತದೆ. ಅಮೆರಿಕಾಕ್ಕೆ ಹೋಗುವ ತುಪ್ಪ, ಹಾಲಿನ ಉತ್ಪನ್ನ ಬಹಳ ಕಡಿಮೆ. ಆದರೆ ಆ ಜಗಳದ ಒಂದು ಎಳೆ ನೇರವಾಗಿ ನಮ್ಮ ಕೊಟ್ಟಿಗೆಗೆ ಬಂದು ಮುಟ್ಟುತ್ತದೆ. ಅದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ. ಇದು ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ.

ಸುಂಕ ಎಂದರೇನು? ಕೊಡುವವರು ಯಾರು?

ಸಂತೆಯಲ್ಲಿ ಅಂಗಡಿ ಹಚ್ಚಿದರೆ ಸಂತೆ ಕರ ಕೊಡಬೇಕು. ಹಾಗೆಯೇ ಹೊರದೇಶದ ಸರಕು ಒಂದು ದೇಶದ ಒಳಗೆ ಬರುವಾಗ ಆ ದೇಶದ ಸರ್ಕಾರ ವಸೂಲಿ ಮಾಡುವ ಕರವೇ ಆಮದು ಸುಂಕ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಮೆರಿಕಾ ಭಾರತದ ಸರಕಿನ ಮೇಲೆ 50% ಸುಂಕ ಹಾಕಿತು ಎಂದರೆ ಆ ಹಣವನ್ನು ಭಾರತ ಕಟ್ಟುವುದಿಲ್ಲ. ಅಲ್ಲಿ ಸರಕು ತರಿಸಿಕೊಳ್ಳುವ ವ್ಯಾಪಾರಿ ತನ್ನ ಸರ್ಕಾರಕ್ಕೆ ಕಟ್ಟುತ್ತಾನೆ. ನಮ್ಮಿಂದ ₹1,000 ಬೆಲೆಯ ಬಟ್ಟೆ ಹೋದರೆ ಆತ ₹500 ಸುಂಕ ಕಟ್ಟಬೇಕು. ಆಗ ಆತನಿಗೆ ಮೂರು ದಾರಿ: ತನ್ನ ಲಾಭ ಕಡಿಮೆ ಮಾಡಿಕೊಳ್ಳುವುದು, ಗಿರಾಕಿಯಿಂದ ಹೆಚ್ಚು ಬೆಲೆ ಪಡೆಯುವುದು, ಇಲ್ಲವೇ ನಮ್ಮವರಿಗೆ “ದರ ಇಳಿಸಿ, ಇಲ್ಲದಿದ್ದರೆ ಬೇರೆ ಕಡೆ ತಗೋತೀನಿ” ಎನ್ನುವುದು. ಹೀಗಾಗಿ ಪೆಟ್ಟು ಎರಡೂ ಕಡೆಯ ಸಾಮಾನ್ಯರಿಗೆ ಹಂಚಿಹೋಗುತ್ತದೆ. ಕಿರಾಣಿ ಬೆಲೆ ಏರಿತು ಎಂಬ ಗದ್ದಲ ಎದ್ದ ಮೇಲೆ, ನವೆಂಬರ್ 2025ರಲ್ಲಿ ಅಮೆರಿಕಾದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರೇ ಕಾಫಿ, ಚಹಾ, ಬಾಳೆಹಣ್ಣು ಮೊದಲಾದವುಗಳ ಮೇಲೆ ತಾವು ಹಾಕಿದ್ದ ಸುಂಕ ತೆಗೆದರು.

2025ರಲ್ಲಿ ಆದದ್ದೇನು?

2025ರ ಆಗಸ್ಟ್ 7ರಿಂದ ಭಾರತದ ಸರಕುಗಳ ಮೇಲೆ 25% ಸುಂಕ ಜಾರಿಗೆ ಬಂತು. ರಷ್ಯಾದಿಂದ ಕಚ್ಚಾ ತೈಲ ಕೊಳ್ಳುತ್ತಿದ್ದೀರಿ ಎಂಬ ಕಾರಣ ಕೊಟ್ಟು ಆಗಸ್ಟ್ 27ರಿಂದ ಮತ್ತೆ 25% ಸೇರಿಸಿದರು. ಒಟ್ಟು 50%. ಸಿಗಡಿ, ಬಟ್ಟೆ, ಆಭರಣ, ಜಮಖಾನೆ ರಫ್ತು ಮಾಡುವವರಿಗೆ ದೊಡ್ಡ ಪೆಟ್ಟು ಬಿತ್ತು. ಎರಡೂ ದೇಶಗಳ ನಡುವೆ ವ್ಯಾಪಾರ ಒಪ್ಪಂದದ ಮಾತುಕತೆ ನಡೆಯಿತು. ಆ ಮಾತುಕತೆಯ ಮೇಜಿನ ಮೇಲಿದ್ದ ಒಂದು ವಿಷಯವೇ ನಮ್ಮ ಹಾಲು.

ನಮ್ಮ ಹಾಲಿಗೆ ಬೇಲಿ

ಸುಂಕ ಹಾಕುವುದು ಅಮೆರಿಕಾ ಮಾತ್ರವಲ್ಲ. ನಾವೂ ಹಾಕುತ್ತೇವೆ. ಹೊರದೇಶದ ಹಾಲಿನ ಪುಡಿಗೆ 60%, ಬೆಣ್ಣೆಗೆ 40%, ಚೀಸಿಗೆ 30% ಸುಂಕ ಇರುವುದರಿಂದಲೇ ಅಗ್ಗದ ಪುಡಿ ಬಂದು ನಮ್ಮ ಹಾಲಿನ ದರವನ್ನು ಕೆಡವಿಲ್ಲ. ಹೊಲದ ಬದುವಿಗೆ ಬೇಲಿ ಇದ್ದಂತೆ ಇದು.

ಬೇಲಿ ಏಕೆ ಬೇಕು? ಅಮೆರಿಕಾದ ಒಂದು ಡೇರಿ ಫಾರ್ಮಿನಲ್ಲಿ ಸರಾಸರಿ 300ಕ್ಕೂ ಹೆಚ್ಚು ಹಸುಗಳಿರುತ್ತವೆ. ಒಂದೊಂದು ಹಸು ವರ್ಷಕ್ಕೆ 10 ಸಾವಿರ ಲೀಟರಿಗೂ ಹೆಚ್ಚು ಹಾಲು ಕೊಡುತ್ತದೆ. ನಮ್ಮಲ್ಲಿ ಒಂದು ಎಮ್ಮೆ, ಎರಡು ಆಕಳು ಕಟ್ಟಿಕೊಂಡು, ಬೆಳಿಗ್ಗೆ ನಾಲ್ಕು, ಸಂಜೆ ಮೂರು ಲೀಟರ್ ಡೇರಿಗೆ ಹಾಕುವ ತಾಯಂದಿರು. ಭಾರತ 2023-24ರಲ್ಲಿ ಸುಮಾರು 23.9 ಕೋಟಿ ಟನ್ ಹಾಲು ಉತ್ಪಾದಿಸಿ ಜಗತ್ತಿಗೇ ಮೊದಲ ಸ್ಥಾನದಲ್ಲಿರುವುದು ಇಂಥ ಚಿಕ್ಕ ಚಿಕ್ಕ ಕ್ಯಾನುಗಳಿಂದ. ಅವರದು ಕಾರ್ಖಾನೆ, ನಮ್ಮದು ಜೀವನ. ಇಬ್ಬರನ್ನೂ ಒಂದೇ ಕಣಕ್ಕೆ ಇಳಿಸಿದರೆ ಕುಸ್ತಿ ಸಮಬಲದ್ದಾಗುವುದಿಲ್ಲ.

ಎರಡನೆಯ ಕಾರಣ ಮೇವಿಗೆ ಸಂಬಂಧಿಸಿದ್ದು. ಇಲ್ಲಿ ಪಶುವೈದ್ಯಳಾಗಿ ನಾಲ್ಕು ಮಾತು. ಆಕಳು ಮೆಲುಕು ಹಾಕುವ ಪ್ರಾಣಿ. ಹುಲ್ಲು, ಕಣಿಕೆ ತಿನ್ನಲೆಂದೇ ಅದರ ಹೊಟ್ಟೆ ರಚನೆಯಾಗಿದೆ. ಕೆಲವು ದೇಶಗಳಲ್ಲಿ ಸತ್ತ ಪ್ರಾಣಿಗಳ ಮಾಂಸ, ಮೂಳೆಯ ಪುಡಿಯನ್ನು ಪ್ರೋಟೀನಿಗಾಗಿ ದನಗಳ ಆಹಾರದಲ್ಲಿ ಬೆರೆಸುತ್ತಿದ್ದರು. 1986ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಲಾದ ‘ಹುಚ್ಚು ಹಸು ರೋಗ’ ಹರಡಿದ್ದು ಇದೇ ದಾರಿಯಿಂದ. 1997ರಲ್ಲಿ ಅಮೆರಿಕಾ ದನಗಳಿಗೆ ದನದ ಮಾಂಸ-ಮೂಳೆಯ ಪುಡಿ ತಿನ್ನಿಸುವುದನ್ನು ನಿಷೇಧಿಸಿತು. ಆದರೆ ರಕ್ತದ ಪುಡಿ, ಹಂದಿಯ ಪ್ರೋಟೀನ್‌ನಂಥವಕ್ಕೆ ವಿನಾಯಿತಿ ಉಳಿಯಿತು. ಇಂಥ ಆಹಾರ ತಿನ್ನದ ದನಗಳ ಹಾಲಿನಿಂದಲೇ ಉತ್ಪನ್ನ ತಯಾರಾಗಿದೆ ಎಂಬ ಪ್ರಮಾಣಪತ್ರವನ್ನು ಭಾರತ ಕೇಳುತ್ತದೆ. ದೇವರ ಮುಂದೆ ತುಪ್ಪದ ದೀಪ ಹಚ್ಚುವ ನಮ್ಮ ಮನೆಗಳಿಗೆ ಇದು ನಂಬಿಕೆಯ ಪ್ರಶ್ನೆಯೂ ಹೌದು.

ಅಮೆರಿಕಾದ ಡೇರಿ ಉದ್ದಿಮೆಯವರಿಗೆ ಇದು ಹಳೆಯ ಸಿಟ್ಟು. ಅವರ ದೂರೂ ಒಂದು ಕಾರಣವಾಗಿ, 2019ರ ಜೂನ್ 5ರಿಂದ ಭಾರತದ ಸರಕಿಗಿದ್ದ ಸುಂಕ ರಿಯಾಯಿತಿಯೊಂದನ್ನು ಅಲ್ಲಿನ ಸರ್ಕಾರ ತೆಗೆದುಹಾಕಿತ್ತು. ಅದೇ ವರ್ಷ ನವೆಂಬರ್ 4ರಂದು, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಸೇರಿದ್ದ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಭಾರತ ಹೊರಗುಳಿಯಿತು. ಆ ನಿರ್ಧಾರದ ಹಿಂದೆ ದೇಶದ ಹಾಲು ಸಹಕಾರ ಸಂಘಗಳ, ರೈತ ಸಂಘಟನೆಗಳ ಗಟ್ಟಿ ವಿರೋಧವಿತ್ತು. 2025ರ ಆಗಸ್ಟ್ 7ರಂದು ದೆಹಲಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ರೈತರು, ಪಶುಪಾಲಕರು, ಮೀನುಗಾರರ ಹಿತದಲ್ಲಿ ರಾಜಿ ಇಲ್ಲವೆಂದು ಹೇಳಿದರು. ಮಾತು ಕೊಟ್ಟಾಗಿದೆ. ಒಪ್ಪಂದದ ಕಾಗದವನ್ನು ಓದಿ, ಮಾತಿಗೂ ಕಾಗದಕ್ಕೂ ತಾಳೆ ನೋಡುವುದು ನಮ್ಮ ಕೆಲಸ.

ಹತ್ತಿಯಿಂದ ಹಿಂಡಿಗೆ

ಬೇಲಿಯ ಒಂದು ಕಡೆ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಹೊಲದಲ್ಲೇ ಇದೆ. ಬಟ್ಟೆ ಗಿರಣಿಗಳಿಗೆ ನೆರವಾಗಲೆಂದು ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿದ್ದ 11% ಸುಂಕವನ್ನು 2025ರ ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ತೆಗೆಯಿತು. ಆಮೇಲೆ ಅವಧಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಅದು ನಮ್ಮ ಹತ್ತಿ ಮಾರುಕಟ್ಟೆಗೆ ಬರುವ ಕಾಲ. ಗಿರಣಿಗೆ ಅನುಕೂಲವಾಯಿತು, ಬೆಳೆಗಾರರ ಕೈಯಲ್ಲಿದ್ದ ಚೌಕಾಸಿಯ ಬಲ ಕಡಿಮೆಯಾಯಿತು. ಮಧ್ಯಮ ಎಳೆಯ ಹತ್ತಿಗೆ 2025-26ನೇ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ ₹7,710 ಇತ್ತು. ಅದಕ್ಕಿಂತ ಕಡಿಮೆಗೆ ಮಾರಿದ್ದೀರಾ ಎಂದು ಮನೆಯಲ್ಲಿ ಕೇಳಿ ನೋಡಿ.

ಹತ್ತಿಗೂ ಹಾಲಿಗೂ ನಂಟಿದೆ. ಒಂದು ಕ್ವಿಂಟಲ್ ಹತ್ತಿಯಲ್ಲಿ ಅರಳೆ ಮೂರನೇ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಕಾಳು. ಆ ಹತ್ತಿಕಾಳಿನ ಹಿಂಡಿಯೇ ನಮ್ಮ ಎಮ್ಮೆಯ ಹಾಲಿನ ಜಿಡ್ಡಿಗೆ ಆಧಾರ. ದರ ಸಿಗದೆ ರೈತರು ಹತ್ತಿ ಬಿಟ್ಟು ಬೇರೆ ಬೆಳೆಗೆ ಹೋದರೆ ಮುಂದಿನ ವರ್ಷ ಹಿಂಡಿ ತುಟ್ಟಿಯಾಗಬಹುದು. ಎಲ್ಲೋ ದೂರದ ಕಚೇರಿಯ ಒಂದು ಸಹಿ ನಮ್ಮ ಗ್ವಾದಲಿಯವರೆಗೆ ಬರುವುದು ಹೀಗೆ.

ಅಧ್ಯಕ್ಷರಿಗೆ ಲೆಕ್ಕ ಕೇಳುವವರು

ಹಾಗಾದರೆ ಸುಂಕ ಒಳ್ಳೆಯದೋ ಕೆಟ್ಟದ್ದೋ? ಬೇಲಿ ನಮಗೂ ಬೇಕು, ಅವರಿಗೂ ಬೇಕು. ತಮ್ಮ ಕಾರ್ಖಾನೆಗಳನ್ನು, ಕೆಲಸಗಳನ್ನು ಉಳಿಸಿಕೊಳ್ಳಲು ಸುಂಕ ಬೇಕೆಂದು ಟ್ರಂಪ್ ಬೆಂಬಲಿಗರು ಹೇಳುತ್ತಾರೆ. ಅದು ಒಂದು ವಾದ. ನಿಜವಾದ ಪ್ರಶ್ನೆ ಬೇರೆ: ನಿರ್ಧಾರ ಮಾಡಿದವರು ಯಾರು, ಯಾವ ನಿಯಮದ ಪ್ರಕಾರ, ಯಾರಿಗೆ ಉತ್ತರ ಕೊಡಬೇಕು?

ಅಮೆರಿಕಾದ ಸಂವಿಧಾನದಲ್ಲಿ ತೆರಿಗೆ, ಸುಂಕ ಹಾಕುವ ಅಧಿಕಾರ ಇರುವುದು ಅಲ್ಲಿನ ಸಂಸತ್ತಿಗೆ. ಟ್ರಂಪ್ ಅವರು ತುರ್ತು ಸಂದರ್ಭಕ್ಕೆಂದು 1977ರಲ್ಲಿ ಮಾಡಿದ ಒಂದು ಕಾಯ್ದೆಯನ್ನು ಮುಂದಿಟ್ಟು ಹೆಚ್ಚಿನ ದೇಶಗಳ ಮೇಲೆ ತಾವೇ ಸುಂಕ ಹಾಕಿದರು. ಸಂಸತ್ತಿನಲ್ಲಿ ಬಹುಮತವಿರುವ ಅವರದೇ ಪಕ್ಷದ ಹೆಚ್ಚಿನ ಸದಸ್ಯರು ಬಾಯಿ ತೆರೆಯಲಿಲ್ಲ. ನ್ಯಾಯಾಲಯಕ್ಕೆ ಹೋದವರಲ್ಲಿ ಸಣ್ಣ ವ್ಯಾಪಾರಿಗಳೂ ಇದ್ದರು: ಒಂದು ವೈನ್ ಆಮದು ಸಂಸ್ಥೆ, ಒಂದು ಮಕ್ಕಳ ಕಲಿಕಾ ಆಟಿಕೆ ಸಂಸ್ಥೆ. 2025ರ ಮೇ 28ರಂದು ವ್ಯಾಪಾರ ನ್ಯಾಯಾಲಯ, ಆಗಸ್ಟ್ 29ರಂದು ಮೇಲ್ಮನವಿ ನ್ಯಾಯಾಲಯ, ಈ ಸುಂಕಗಳಿಗೆ ಆ ಕಾಯ್ದೆಯ ಬಲವಿಲ್ಲ ಎಂದವು. ಅದೇ ವರ್ಷ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ವಾದ ಕೇಳಿತು.

ನಿಷ್ಠೆ ಯಾರಿಗೆ?

ಇನ್ನೊಂದು ಸಂಗತಿ ನಿಮಗೆ ಬೇಗ ಅರ್ಥವಾಗುತ್ತದೆ. 2025ರ ಆಗಸ್ಟ್ 1ರಂದು ಅಮೆರಿಕಾದ ಉದ್ಯೋಗ ಅಂಕಿ-ಅಂಶ ಇಲಾಖೆ, ಹೊಸ ಕೆಲಸಗಳು ನಿರೀಕ್ಷೆಗಿಂತ ಕಡಿಮೆ ಎಂಬ ವರದಿ ಕೊಟ್ಟಿತು. ಅಂಕಿ ತಿರುಚಲಾಗಿದೆ ಎಂದು ಪುರಾವೆ ಕೊಡದೆಯೇ ಹೇಳಿ, ಅದೇ ದಿನ ಆ ಇಲಾಖೆಯ ಮುಖ್ಯಸ್ಥೆ ಎರಿಕಾ ಮೆಕೆಂಟಾರ್ಫರ್ ಅವರನ್ನು ಅಧ್ಯಕ್ಷರು ಕೆಲಸದಿಂದ ತೆಗೆದರು. ಫ್ಯಾಟ್ ಕಡಿಮೆ ಬಂತೆಂದು ಹಾಲು ಪರೀಕ್ಷಕಿಯನ್ನು ತೆಗೆದರೆ ಹಾಲಿನಲ್ಲಿ ಜಿಡ್ಡು ಹೆಚ್ಚುತ್ತದೆಯೇ? ಆಮೇಲೆ ಬರುವವಳು ಅಳತೆ ನೋಡದೆ ಅಧ್ಯಕ್ಷರ ಮುಖ ನೋಡಿ ಅಂಕಿ ಬರೆಯುತ್ತಾಳೆ, ಅಷ್ಟೆ. ಪರೀಕ್ಷಕಿಯ ನಿಷ್ಠೆ ಅಳತೆಗೆ ಇರಬೇಕು.

ಅಲ್ಲಿನ ಸೋಯಾ ಬೆಳೆಗಾರರ ಕಥೆಯೂ ಹೀಗೆಯೇ. ಅವರಲ್ಲಿ ಬಹಳಷ್ಟು ಜನ ಟ್ರಂಪ್ ಅವರ ಗಟ್ಟಿ ಬೆಂಬಲಿಗರು. ಸುಂಕಕ್ಕೆ ಉತ್ತರವಾಗಿ ಚೀನಾ 2025ರಲ್ಲಿ ತಿಂಗಳುಗಟ್ಟಲೆ ಅವರ ಸೋಯಾ ಕೊಳ್ಳಲಿಲ್ಲ. 2018ರಲ್ಲೂ ಹೀಗಾಗಿ, ಸರ್ಕಾರ ಆಗ 1,200 ಕೋಟಿ ಡಾಲರ್, 2019ರಲ್ಲಿ 1,600 ಕೋಟಿ ಡಾಲರ್ ಪರಿಹಾರ ಘೋಷಿಸಬೇಕಾಯಿತು. ಮಾರುಕಟ್ಟೆ ಕಳೆದುಕೊಂಡು ಪರಿಹಾರಕ್ಕೆ ಕೈ ಚಾಚುವುದು ಯಾವ ರೈತನಿಗೂ ಹಿತವಲ್ಲ. ನಾಯಕರನ್ನು ಮೆಚ್ಚೋಣ, ಮತ ಹಾಕೋಣ; ಆದರೆ ಲೆಕ್ಕ ಕೇಳುವುದನ್ನು ಬಿಟ್ಟರೆ ನಷ್ಟ ಮೊದಲು ಬರುವುದು ಬೆಂಬಲಿಸಿದವರ ಮನೆಗೇ.

ನಮ್ಮ ಕೈಯಲ್ಲಿರುವುದು

ಲೆಕ್ಕ ಕೇಳುವ ಪಾಠ ನಮಗೆ ಹೊಸದಲ್ಲ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲಗಾರರ ಹಿಡಿತದಲ್ಲಿದ್ದ ಲೆಕ್ಕದ ಪುಸ್ತಕವನ್ನು ರೈತರು ತಮ್ಮ ಕೈಗೆ ತೆಗೆದುಕೊಂಡರು. ನಮ್ಮ ಹಾಲಿನ ಸಂಘದಲ್ಲೂ ಅದೇ ನಿಯಮ: ಹತ್ತು ಆಕಳಿದ್ದವರಿಗೂ ಒಂದೇ ಮತ, ಒಂದು ಎಮ್ಮೆ ಇದ್ದವರಿಗೂ ಒಂದೇ ಮತ. ಆದ್ದರಿಂದ:

1. ಪ್ರತಿ ಹೊತ್ತು ಹಾಲು ಹಾಕಿದಾಗ ಫ್ಯಾಟ್, ಎಸ್‌ಎನ್‌ಎಫ್ ಅಂಕಿ ಕೇಳಿ, ಚೀಟಿ ಪಡೆಯಿರಿ. ಬಟವಾಡೆಯ ದಿನ ತಾಳೆ ನೋಡಿ. ಸಂದೇಹ ಬಂದರೆ ಎದುರಿಗೇ ಮರುಪರೀಕ್ಷೆ ಕೇಳಿ.

2. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ ₹4 ಏರಿತು. ಅದು ರೈತರಿಗೇ ಎಂದು ಸರ್ಕಾರ ಹೇಳಿತು. ನಿಮ್ಮ ಪಾಸ್ ಪುಸ್ತಕದಲ್ಲಿ ಅದು ಕಾಣುತ್ತಿದೆಯೇ ನೋಡಿ. ಹಾಲಿನ ಪ್ರೋತ್ಸಾಹಧನ ಯಾವ ತಿಂಗಳವರೆಗೆ ಜಮೆಯಾಗಿದೆ ಎಂದು ಬರೆದಿಡಿ.

3. ಸದಸ್ಯತ್ವ ಯಜಮಾನರ ಹೆಸರಿನಲ್ಲಿದ್ದು ಹಾಲು ಹಾಕುವವರು ನೀವಾಗಿದ್ದರೆ, ನಿಮ್ಮ ಹೆಸರಿನಲ್ಲೂ ಸದಸ್ಯತ್ವಕ್ಕೆ ಅರ್ಜಿ ಕೊಡಿ. ಹೆಸರಿಲ್ಲದಿದ್ದರೆ ಮತವಿಲ್ಲ.

4. ವಾರ್ಷಿಕ ಮಹಾಸಭೆಗೆ ಬನ್ನಿ. ಸಹಿ ಹಾಕಿ ಎದ್ದು ಹೋಗಬೇಡಿ. ಲೆಕ್ಕ ಪರಿಶೋಧನೆಯ ವರದಿ ಓದಿಸಿ, ಒಂದಾದರೂ ಪ್ರಶ್ನೆ ಕೇಳಿ. ಹೊರದೇಶದ ಹಾಲಿನ ಪುಡಿಗೆ ಬಾಗಿಲು ತೆರೆಯಬಾರದು ಎಂಬ ಠರಾವು ಬೇಕೆನಿಸಿದರೆ ಅದನ್ನು ಮಂಡಿಸುವ ಹಕ್ಕೂ ನಿಮ್ಮದೇ.

5. ಬೇಲಿ ಎಷ್ಟೇ ಗಟ್ಟಿಯಿದ್ದರೂ ಖರ್ಚು ಇಳಿಸುವುದು, ಗುಣಮಟ್ಟ ಕಾಯುವುದು ನಮ್ಮ ಜವಾಬ್ದಾರಿ. ಗೋವಿನಜೋಳದ ರಸಮೇವು ಮಾಡಿ, ಖನಿಜ ಮಿಶ್ರಣ ತಪ್ಪಿಸಬೇಡಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದರೆ, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ.

ಹತ್ತಿಯ ಸುಂಕದ ವಿನಾಯಿತಿಯ ಅವಧಿ 2025ರ ಡಿಸೆಂಬರ್ 31ರವರೆಗೆ ಇತ್ತು. ಮುಂದೆ ಏನು ನಿರ್ಧಾರವಾಯಿತು ಎಂಬುದನ್ನು, ವ್ಯಾಪಾರ ಒಪ್ಪಂದದಲ್ಲಿ ಹಾಲಿನ ಮಾತು ಹೇಗೆ ಬರೆಯಲಾಗಿದೆ ಎಂಬುದನ್ನು ಮುಂದಿನ ಸಂಚಿಕೆಗಳಲ್ಲಿ ತಿಳಿಸುತ್ತೇನೆ. ನಿಮ್ಮ ಪ್ರಶ್ನೆಗಳನ್ನು ಸಂಘದ ಕಾರ್ಯದರ್ಶಿಯ ಕೈಯಲ್ಲಿ ಬರೆದುಕೊಡಿ.

– ಪಶುವೈದ್ಯಾಧಿಕಾರಿ, ಗದಗ