ನಾಯಿ ವಿಷ ನುಂಗಿದರೆ ಮೊದಲ ಎರಡು ಗಂಟೆಯೇ ಮುಖ್ಯ

ನಾಚಾರಂ: ಕಾರ್ಖಾನೆ, ಗೋದಾಮುಗಳ ಮಗ್ಗುಲಲ್ಲೇ ಮನೆಗಳಿರುವ ನಾಚಾರಂನಲ್ಲಿ ಇಲಿ ಪಾಷಾಣ ತಂದಿಡುವುದು ಹೊಸದೇನಲ್ಲ. ಅಂಗಡಿಯಲ್ಲಿ ‘ಎಲುಕಲ ಮಂದು’ ಎಂದು ಕೇಳಿ ತಂದ ಆ ಪೊಟ್ಟಣ ಸಾಕುನಾಯಿಯ ಬಾಯಿಗೆ ಬಿದ್ದರೆ ಏನು ಮಾಡಬೇಕೆಂಬುದನ್ನು ನಾಯಿ ಸಾಕಿರುವ ಕನ್ನಡಿಗ ಕುಟುಂಬಗಳು ಮೊದಲೇ ತಿಳಿದಿರುವುದು ಒಳ್ಳೆಯದು.

ಇಲಿ ಪಾಷಾಣಗಳೆಲ್ಲ ಒಂದೇ ಅಲ್ಲ. ಬ್ರೋಮಾಡಿಯೊಲೋನ್ ಇರುವ ಬಿಲ್ಲೆ ತಿಂದ ನಾಯಿ ಎರಡು-ಮೂರು ದಿನ ಆರೋಗ್ಯವಾಗಿಯೇ ಕಾಣುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟದೆ ಒಳಗೊಳಗೇ ರಕ್ತಸ್ರಾವವಾಗುತ್ತದೆ. ಇದಕ್ಕೆ ‘ಕೆ1’ ವಿಟಮಿನ್ ಮದ್ದು, ವಾರಗಟ್ಟಲೆ ಕೊಡಬೇಕಾಗುತ್ತದೆ. ಜಿಂಕ್ ಫಾಸ್ಫೈಡ್ ಪುಡಿಯಾದರೆ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ನಾಯಿ ವಾಂತಿ ಮಾಡಿದರೆ ಆ ಗಾಳಿ ಮನುಷ್ಯರಿಗೂ ಅಪಾಯ, ಕಿಟಕಿ-ಬಾಗಿಲು ತೆರೆದಿಡಬೇಕು. ಊಟ ಹಾಕಬಾರದು. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಪೊಟ್ಟಣ ಕೈಯಲ್ಲಿರಲಿ.

ಅಡುಗೆಮನೆಯಲ್ಲೂ ಅಪಾಯ

ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಇದಕ್ಕೆ ಕಾರಣ ಎನ್ನಲಾದ ಟಾರ್ಟಾರಿಕ್ ಆಮ್ಲ ಹುಣಸೆಯಲ್ಲೂ ಇದೆ. ಪುಳಿಯೋಗರೆ ಗೊಜ್ಜೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ನಾಶ ಮಾಡುತ್ತವೆ. ಚಾಕೊಲೇಟ್, ಕ್ಸೈಲಿಟಾಲ್ ಇರುವ ಸಕ್ಕರೆರಹಿತ ಚೂಯಿಂಗ್ ಗಮ್, ಮನೆಮಂದಿಯ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಇವೆಲ್ಲವೂ ನಾಯಿಗೆ ವಿಷವೇ. ಹೂವಿನ ಮಾಲೆಯ ದಾರ ನುಂಗಿದರೆ ಕರುಳು ಕೊಯ್ದುಹೋಗಬಹುದು. ಬಾಯಿಂದಾಗಲಿ ಹಿಂಬದಿಯಿಂದಾಗಲಿ ದಾರ ಕಂಡರೆ ಎಳೆಯಬಾರದು.

ಉಪ್ಪುನೀರು ಬೇಡ

ವಾಂತಿಯಾಗಲೆಂದು ಉಪ್ಪುನೀರು ಕುಡಿಸುವುದು ಹಲವರ ರೂಢಿ. ಉಪ್ಪು ಹೆಚ್ಚಾದರೆ ಅದೇ ಪ್ರಾಣಕ್ಕೆ ಎರವು. ಹಾಲು, ತುಪ್ಪ ವಿಷ ಇಳಿಸುವುದಿಲ್ಲ. ಬಲವಂತವಾಗಿ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು. ಶೌಚಾಲಯ ತೊಳೆಯುವ ಆಸಿಡ್, ಸೀಮೆಎಣ್ಣೆ, ಬ್ಯಾಟರಿ, ಸೂಜಿ ನುಂಗಿದ್ದರೆ ಅಥವಾ ನಾಯಿಗೆ ಮಂಪರು, ಸೆಳೆತವಿದ್ದರೆ ವಾಂತಿ ಮಾಡಿಸಲೇಬಾರದು. ಉಳಿದ ಸಂದರ್ಭಗಳಲ್ಲಿ ವಾಂತಿ ಮಾಡಿಸುವುದು ಹೆಚ್ಚಾಗಿ ಮೊದಲ ಎರಡು ಗಂಟೆಯೊಳಗೆ ಮಾತ್ರ ಫಲಕಾರಿ, ಅದೂ ವೈದ್ಯರ ಸಲಹೆಯಂತೆ. ‘ಚೆನ್ನಾಗಿಯೇ ಇದೆಯಲ್ಲ, ನಾಳೆ ನೋಡೋಣ’ ಎನ್ನುವುದೇ ಬಹಳ ಸಲ ಮುಳುವಾಗುತ್ತದೆ.

ಹೊರಡುವ ಮುನ್ನ ವೈದ್ಯರಿಗೆ ಫೋನ್ ಮಾಡಿ ಏನು, ಎಷ್ಟು, ಯಾವಾಗ ನುಂಗಿತು, ನಾಯಿಯ ತೂಕವೆಷ್ಟು ಎಂದು ಹೇಳಿದರೆ ಚಿಕಿತ್ಸೆಗೆ ಅನುಕೂಲ. ನಗರದ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಪಶು ಆಸ್ಪತ್ರೆ ನಾರಾಯಣಗೂಡದಲ್ಲಿದೆ. ನಾಚಾರಂನಿಂದ ಹಬ್ಸಿಗೂಡ, ತಾರ್ನಾಕ ದಾರಿಯಾಗಿ ಹೋಗಬಹುದು. ಸಂಜೆಯ ವಾಹನ ದಟ್ಟಣೆಯಲ್ಲಿ ಹೊತ್ತು ಹಿಡಿಯುತ್ತದೆ. ಹಾಗಾಗಿ ಹತ್ತಿರದಲ್ಲಿ ರಾತ್ರಿಯೂ ತೆರೆದಿರುವ ಕ್ಲಿನಿಕ್ ಯಾವುದೆಂದು ಇಂದೇ ವಿಚಾರಿಸಿ, ಅದರ ಫೋನ್ ಸಂಖ್ಯೆಯನ್ನು ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡುವುದು ಲೇಸು.