ಮುಖದ ಮಚ್ಚೆಗೆ ಲೇಸರ್ ಚಿಕಿತ್ಸೆ: ಹೋಗುವ ಮೊದಲು ತಿಳಿದಿರಬೇಕಾದದ್ದು

ಹುಟ್ಟಿದ ಮಗುವಿನ ಕೆನ್ನೆಯಲ್ಲಿ ಕೆಂಪು ಮಚ್ಚೆ ಕಂಡರೆ ನಮ್ಮಲ್ಲಿ ಮೊದಲು ವಿಚಾರಣೆಗೆ ಒಳಗಾಗುವವಳು ತಾಯಿ. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ಏನನ್ನು ನೋಡಿ ಹೆದರಿದ್ದೆ ಎಂಬ ಪ್ರಶ್ನೆಗಳು ಬಾಣಂತಿಯ ಕೋಣೆಯಲ್ಲೇ ಆರಂಭವಾಗುತ್ತವೆ. ಗ್ರಹಣಕ್ಕೂ ಈ ಮಚ್ಚೆಗೂ ಯಾವ ಸಂಬಂಧವೂ ಇಲ್ಲ. ಗರ್ಭದಲ್ಲಿ ಮಗು ಬೆಳೆಯುವಾಗ ಒಂದು ಜೀವಕೋಶದ ಜೀನಿನಲ್ಲಿ ತಾನಾಗಿ ಆಗುವ ಬದಲಾವಣೆಯೇ ಇದಕ್ಕೆ ಕಾರಣವೆಂದು 2013ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮನೆ ಭೇಟಿಗೆ ಹೋಗುವ ವಾಳೆಯ ಗುರಿಕಾರರು ಇದಿಷ್ಟನ್ನು ಅತ್ತೆಯಂದಿರಿಗೆ ಹೇಳಿದರೂ ದೊಡ್ಡ ಉಪಕಾರವೇ.

ಈ ಮಚ್ಚೆಗೆ ವೈದ್ಯರು ಪೋರ್ಟ್ ವೈನ್ ಸ್ಟೇನ್ ಎನ್ನುತ್ತಾರೆ. ಸಾವಿರ ಶಿಶುಗಳಲ್ಲಿ ಸುಮಾರು 3 ಶಿಶುಗಳಿಗೆ ಇದು ಇರುತ್ತದೆ. ಸೋವಿಯತ್ ನಾಯಕ ಗೊರ್ಬಚೇವ್ ಅವರ ಹಣೆಯ ಮೇಲೆ ನಾವೆಲ್ಲ ನೋಡಿದ್ದು ಇದನ್ನೇ. ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಹಿಗ್ಗಿರುವುದರಿಂದ ಕೆಂಪು ಬಣ್ಣ ಬರುತ್ತದೆ. ವಯಸ್ಸಾದಂತೆ ಅದು ಮಾಯುವುದಿಲ್ಲ, ಬದಲಿಗೆ ಗಾಢವಾಗಿ ದಪ್ಪವೂ ಆಗಬಹುದು. ಹುಟ್ಟಿದ ಕೆಲವು ವಾರಗಳಲ್ಲಿ ಉಬ್ಬಿ ಬೆಳೆದು, ಮುಂದೆ ತಾನೇ ಕುಗ್ಗುವ ಕೆಂಪು ಗಂಟು ಬೇರೆ. ಎರಡನ್ನೂ ಒಂದೇ ಎಂದು ತಿಳಿದು "ದೊಡ್ಡದಾದಾಗ ಹೋಗುತ್ತದೆ" ಎಂದು ಕಾದು ಕುಳಿತವರು ಬಹಳ.

ಲೇಸರ್ ಮಚ್ಚೆಯನ್ನು ಕೆರೆದು ತೆಗೆಯುವುದಿಲ್ಲ. 595 ನ್ಯಾನೋಮೀಟರ್‌ನಂಥ ನಿರ್ದಿಷ್ಟ ಅಲೆಯುದ್ದದ ಬೆಳಕನ್ನು ರಕ್ತದ ಕೆಂಪು ದ್ರವ್ಯವೇ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳಕು ಕ್ಷಣಮಾತ್ರ ಬಿದ್ದು ನಿಲ್ಲುವುದರಿಂದ, ಸುತ್ತಲಿನ ಚರ್ಮಕ್ಕೆ ಬಿಸಿ ಹರಡುವ ಮೊದಲೇ ರಕ್ತನಾಳ ಮುಚ್ಚಿಹೋಗುತ್ತದೆ. ಅಮೆರಿಕದ ವೈದ್ಯರಾದ ಆ್ಯಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಈ ತತ್ವವನ್ನು ವಿವರಿಸಿದರು. ಒಂದೇ ಸಲಕ್ಕೆ ಮುಗಿಯುವ ಕೆಲಸ ಇದಲ್ಲ. ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು. ಪ್ರತಿ ಸಲವೂ ಮಚ್ಚೆ ಒಂದೆರಡು ವಾರ ನೇರಳೆ ಬಣ್ಣಕ್ಕೆ ತಿರುಗಿ ಇನ್ನೂ ಕೆಟ್ಟದಾಗಿ ಕಾಣುತ್ತದೆ, ಹೆದರಬೇಕಾಗಿಲ್ಲ. ಅನೇಕರಿಗೆ ಮಚ್ಚೆ ತಿಳಿಯಾಗುತ್ತದೆ, ಪೂರ್ತಿ ಹೋಗುವುದು ಕೆಲವರಿಗೆ ಮಾತ್ರ. ಶೈಶವದಲ್ಲೇ ಆರಂಭಿಸಿದರೆ ಫಲ ಹೆಚ್ಚು.

ಕಣ್ಣಿನ ಸುತ್ತ ಕಾಣುವ ನೀಲಿ-ಬೂದು ಮಚ್ಚೆಗೆ ಬೇಕಾದದ್ದು ಬೇರೆ ಲೇಸರ್, ಏಕೆಂದರೆ ಅಲ್ಲಿರುವುದು ಮೆಲನಿನ್. ಇನ್ನು ಮಹಿಳೆಯರ ಕೆನ್ನೆಯ ಬಂಗಿಗೆ ಪಾರ್ಲರಿನ ಲೇಸರ್ ನಂಬಿ ಹಣ ಸುರಿಯುವವರಿಗೆ ನಮ್ಮ ಎಚ್ಚರಿಕೆ: ನಮ್ಮ ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಸುಟ್ಟ ಕಲೆ, ಬಿಳಿ ಚುಕ್ಕೆ ಬೀಳುವ ಅಪಾಯವಿದೆ, ಬಂಗು ಮೊದಲಿಗಿಂತ ಕಪ್ಪಾಗಲೂಬಹುದು. ಬಂಗಿಗೆ ಬಿಸಿಲಿನಿಂದ ರಕ್ಷಣೆ ಮತ್ತು ಚರ್ಮವೈದ್ಯರು ಬರೆದುಕೊಟ್ಟ ಮುಲಾಮು ಮೊದಲು, ಲೇಸರ್ ಕೊನೆಗೆ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮು ಬೇಡವೇ ಬೇಡ.

ಮಗುವಿನ ಕೆಂಪು ಮಚ್ಚೆ ಹಣೆ ಅಥವಾ ಕಣ್ಣಿನ ರೆಪ್ಪೆಯ ಮೇಲಿದ್ದರೆ ಗ್ಲಾಕೋಮಾ ಇಲ್ಲವೇ ಫಿಟ್ಸ್ ಬರುವ ಸಾಧ್ಯತೆ ಇರುತ್ತದೆ. ಅಂಥ ಮಗುವನ್ನು ಲೇಸರ್ ವಿಚಾರಕ್ಕೆ ಕಾಯದೆ ಕಣ್ಣಿನ ವೈದ್ಯರಿಗೂ ಮಕ್ಕಳ ವೈದ್ಯರಿಗೂ ಕೂಡಲೇ ತೋರಿಸಬೇಕು.