ರೈಲುದಾರಿಯೂ ಮನೆಯ ಬೆಲೆಯೂ

"ನಮ್ಮ ಮನೆಯ ಹತ್ತಿರ ಮೆಟ್ರೋ ಬರುತ್ತದಂತೆ." ಬೆಂಗಳೂರಿನಲ್ಲಿ ಈ ಮಾತನ್ನು ಜನ ಎರಡು ಬಗೆಯ ದನಿಯಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ಸ್ವಂತ ಮನೆಯುಳ್ಳವರು ಹಿಗ್ಗಿನಿಂದ ಹೇಳುತ್ತಾರೆ. ಬಾಡಿಗೆಗೆ ಇರುವವರು ತುಸು ಅಳುಕಿನಿಂದ ಹೇಳುತ್ತಾರೆ. ಇಬ್ಬರಿಗೂ ರೈಲು ಒಂದೇ, ನಿಲ್ದಾಣ ಒಂದೇ. ಟಿಕೆಟ್ಟಿನ ದರವೂ ಒಂದೇ. ಆದರೂ ಒಬ್ಬರಿಗೆ ಹಿಗ್ಗು, ಇನ್ನೊಬ್ಬರಿಗೆ ಅಳುಕು ಏಕೆ? ಇದಕ್ಕೆ ಉತ್ತರ ಹುಡುಕಹೊರಟರೆ ರೈಲುದಾರಿಗೂ ಮನೆಯ ಬೆಲೆಗೂ ಇರುವ ನಂಟು ತಾನಾಗಿಯೇ ತಿಳಿದುಬರುತ್ತದೆ.

ಮನೆಯ ಬೆಲೆಯಲ್ಲಿ ಎರಡು ಭಾಗಗಳಿವೆ. ಒಂದು ಕಟ್ಟಡದ್ದು, ಇನ್ನೊಂದು ನೆಲದ್ದು. ಇಟ್ಟಿಗೆ, ಸಿಮೆಂಟು, ಮರಮುಟ್ಟುಗಳಿಗೆ ಜಯನಗರದಲ್ಲೂ ಕೆಂಗೇರಿಯಲ್ಲೂ ಹೆಚ್ಚುಕಡಮೆ ಒಂದೇ ಬೆಲೆ. ವ್ಯತ್ಯಾಸವೆಲ್ಲ ಇರುವುದು ನೆಲದಲ್ಲಿ. ಅಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಖರ್ಚಿನಲ್ಲಿ ಹೋಗಬಹುದೆಂಬುದು ನಿವೇಶನದ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಜರ್ಮನಿಯ ಜಮೀನುದಾರ ಫಾನ್ ಟ್ಯೂನೆನ್ 1826ರಲ್ಲಿಯೇ ಈ ತತ್ವವನ್ನು ಬಿಡಿಸಿ ತೋರಿಸಿದ. ಪೇಟೆಗೆ ಹತ್ತಿರವಿರುವ ಹೊಲದಿಂದ ಧಾನ್ಯ ಸಾಗಿಸಲು ಗಾಡಿಬಾಡಿಗೆ ಕಡಮೆ. ಉಳಿದ ಆ ಹಣವೇ ಹೊಲದ ಗೇಣಿಯಾಗಿ ಏರುತ್ತದೆ ಎಂಬುದು ಅವನ ವಾದ. 1964ರಲ್ಲಿ ವಿಲಿಯಂ ಅಲೊನ್ಸೊ ಎಂಬ ವಿದ್ವಾಂಸ ಇದೇ ವಿಚಾರವನ್ನು ನಗರಕ್ಕೆ ಅನ್ವಯಿಸಿದ. ಧಾನ್ಯದ ಗಾಡಿಯ ಜಾಗದಲ್ಲಿ ಕೆಲಸಕ್ಕೆ ಹೋಗಿಬರುವ ನೌಕರ ಬಂದ, ಅಷ್ಟೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಹೊಸ ರೈಲಿನಿಂದ ಒಬ್ಬ ಗುಮಾಸ್ತರಿಗೆ ಹೋಗುವಾಗ 40 ನಿಮಿಷ, ಬರುವಾಗ 40 ನಿಮಿಷ ಉಳಿಯಿತೆಂದು ಇಟ್ಟುಕೊಳ್ಳಿ. ವರ್ಷಕ್ಕೆ 250 ದಿನ ಕೆಲಸವೆಂದರೆ 20,000 ನಿಮಿಷ, ಅಂದರೆ ಸುಮಾರು 333 ಗಂಟೆ. ಅವರು ತಮ್ಮ ಒಂದು ಗಂಟೆಗೆ 100 ರೂಪಾಯಿ ಬೆಲೆ ಕಟ್ಟಿದರೆ ವರ್ಷದ ಉಳಿತಾಯ ಸುಮಾರು 33,000 ರೂಪಾಯಿ. ನೂರಕ್ಕೆ 8ರ ಬಡ್ಡಿಯಲ್ಲಿ ವರ್ಷಕ್ಕೆ ಇಷ್ಟು ಹಣ ತರಬಲ್ಲ ಗಂಟು ಎಷ್ಟು? ಸುಮಾರು ನಾಲ್ಕು ಲಕ್ಷ. ನಿಲ್ದಾಣದ ಬಳಿಯ ಮನೆಗೆ ಅವರು ಅಷ್ಟರ ಮಟ್ಟಿಗೆ ಹೆಚ್ಚು ಕೊಡಲು ಒಪ್ಪಿಯಾರು. ಅವರಂತೆಯೇ ಯೋಚಿಸುವ ಹತ್ತು ಜನ ಆ ಒಂದು ಮನೆಗೆ ಮುಗಿಬಿದ್ದರೆ ಬೆಲೆ ಏರದೆ ಇದ್ದೀತೆ? ಟಿಕೆಟ್ಟಿನ ದರ ಹೆಚ್ಚಿದರೆ ಈ ಉಳಿತಾಯ ಅಷ್ಟಕ್ಕಷ್ಟು ಕುಗ್ಗುತ್ತದೆಂಬುದನ್ನೂ ಮರೆಯುವಂತಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು.

ಆದರೆ ರೈಲಿಗೆ ಹತ್ತಿರವಿರುವುದು ಬೇರೆ, ನಿಲ್ದಾಣಕ್ಕೆ ಹತ್ತಿರವಿರುವುದು ಬೇರೆ. ಹತ್ತು ನಿಮಿಷ ನಡೆದರೆ ನಿಲ್ದಾಣ ಸಿಗುವ ಮನೆಗೆ ಅನುಕೂಲ ಮಾತ್ರ ಉಂಟು. ಎರಡು ನಿಲ್ದಾಣಗಳ ನಡುವೆ, ಎತ್ತರದ ಸೇತುವೆಯ ಮಗ್ಗುಲಲ್ಲೇ ಇರುವ ಮನೆಗೆ ಸದ್ದು ಉಂಟು, ನೆರಳು ಉಂಟು. ಅನುಕೂಲ ಮಾತ್ರ ದೂರ. ಇಂದಿರಾನಗರದ ಸಿ. ಎಂ. ಎಚ್. ರಸ್ತೆಯ ಮೇಲೆ ಮೆಟ್ರೋ ಹಾದುಹೋಗುವುದನ್ನು ಅಲ್ಲಿನ ವರ್ತಕರು ಹಿಂದೆ ಬಲವಾಗಿ ವಿರೋಧಿಸಿದ್ದುಂಟು. ಕಾಮಗಾರಿ ನಡೆಯುವಷ್ಟು ಕಾಲ ಗಿರಾಕಿ ಬರುವುದಿಲ್ಲ, ಕಟ್ಟಡದ ಮುಂಭಾಗ ಹೋಗುತ್ತದೆ ಎಂಬುದು ಸಣ್ಣ ಚಿಂತೆಯಲ್ಲ. 2011ರ ಅಕ್ಟೋಬರಿನಲ್ಲಿ ನಗರದ ಮೊದಲ ಮೆಟ್ರೋ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಓಡಿದ್ದು ಅದೇ ದಾರಿಯಲ್ಲಿ.

ಇನ್ನೊಂದು ವಿಚಿತ್ರವೆಂದರೆ, ಬೆಲೆ ರೈಲಿಗಾಗಿ ಕಾಯುವುದಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದಾಗ ಸ್ವಲ್ಪ, ಕಂಬಗಳು ಎದ್ದಾಗ ಸ್ವಲ್ಪ, ಗಾಡಿ ಓಡಿದಾಗ ಇನ್ನು ಸ್ವಲ್ಪ, ಹೀಗೆ ಅದು ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ಮಾರುವವರು ನಾಳಿನ ರೈಲಿನ ಬೆಲೆಯನ್ನು ಇಂದೇ ಕೇಳುತ್ತಾರೆ. ಕೊಳ್ಳುವವರಿಗೆ ಎಚ್ಚರ ಬೇಕಾದುದು ಇಲ್ಲಿಯೇ. ಮೆಟ್ರೋದ ಎರಡನೆಯ ಹಂತಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತದ್ದು 2014ರಲ್ಲಿ. ಅದರಲ್ಲಿ ಸೇರಿದ್ದ ಆರ್. ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ನಡುವೆ ಹನ್ನೊಂದು ವರ್ಷ! ಆರಂಭದಲ್ಲಿ ಓಡಿದ್ದು ಮೂರೇ ರೈಲು, ಸುಮಾರು 25 ನಿಮಿಷಕ್ಕೊಂದು. ವೈಟ್‌ಫೀಲ್ಡಿನ ಕಡೆಯ ಕಥೆಯೂ ಇಂಥದೇ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ 2023ರ ಮಾರ್ಚಿನಲ್ಲಿ ರೈಲು ಬಂತು. ಆದರೆ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಣ ಎರಡು ಕಿಲೋಮೀಟರು ಕೂಡಿಕೊಂಡದ್ದು ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ನಗರದೊಳಕ್ಕೆ ಹೋಗುವವರು ನಡುವೆ ಇಳಿದು ಬಸ್ಸು ಹತ್ತಬೇಕಾಗಿತ್ತು. ಸಾಲ ಮಾಡಿ ಮೊದಲೇ ಮನೆ ಕೊಂಡವರು, ಆಗದ ಉಳಿತಾಯಕ್ಕೂ ಬಡ್ಡಿ ಕಟ್ಟುತ್ತ ಕೂರಬೇಕಾಗುತ್ತದೆ.

ಹಾಗಾದರೆ ಬೆಲೆ ಏರಿದ್ದೆಲ್ಲ ರೈಲಿನಿಂದಲೇ ಎನ್ನಬಹುದೆ? ಹಾಗೆನ್ನಲಾಗದು. ಊರು ಬೆಳೆದಂತೆ ರೈಲಿಲ್ಲದ ಕಡೆಯೂ ಬೆಲೆ ಏರುತ್ತಲೇ ಇರುತ್ತದೆ. ಆದ್ದರಿಂದ ರೈಲು ಬರುವ ಮುಂಚಿನ ಬೆಲೆ, ಬಂದ ಮೇಲಿನ ಬೆಲೆ, ರೈಲು ಬಾರದ ಬಡಾವಣೆಯ ಬೆಲೆ, ಈ ಮೂರನ್ನೂ ಹೋಲಿಸಬೇಕು. ಲಂಡನ್ನಿನಲ್ಲಿ 1999ರಲ್ಲಿ ಜ್ಯೂಬಿಲಿ ಮಾರ್ಗದ ವಿಸ್ತರಣೆಯೂ ಡಾಕ್‌ಲ್ಯಾಂಡ್ಸ್ ಲಘುರೈಲಿನ ವಿಸ್ತರಣೆಯೂ ತೆರೆದವು. ಗಿಬ್ಬನ್ಸ್ ಮತ್ತು ಮೇಚಿನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿನ ಮನೆಗಳನ್ನು ಹೀಗೆ ಹೋಲಿಸಿ 2005ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ನಿಲ್ದಾಣ ಹತ್ತಿರವಾದ ಕಡೆಗಳಲ್ಲಿ ಬೆಲೆ ಇತರೆಡೆಗಿಂತ ಸುಮಾರು ನೂರಕ್ಕೆ 9ರಷ್ಟು ಹೆಚ್ಚು ಏರಿತ್ತು. ಅದು ಗಣನೀಯವೇ, ಆದರೆ ದಲ್ಲಾಳಿಗಳು ಹೇಳುವಂತೆ ಒಂದಕ್ಕೆರಡಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಈ ಏರಿಕೆ ಯಾರ ಕೈಸೇರುತ್ತದೆ? ಕಾರ್ಖಾನೆಯ ಸಾಮಾನಿಗೆ ಬೇಡಿಕೆ ಹೆಚ್ಚಿದರೆ ಇನ್ನಷ್ಟು ತಯಾರಿಸಬಹುದು. ನಿಲ್ದಾಣದ ಹತ್ತಿರದ ನೆಲವನ್ನು ತಯಾರಿಸಲಾಗದು. ಹಾಗಾಗಿ ರೈಲು ತಂದ ಅನುಕೂಲದ ದೊಡ್ಡ ಪಾಲು ನೆಲದ ಒಡೆಯರಿಗೆ ಹೋಗುತ್ತದೆ. ಬಾಡಿಗೆದಾರರು ರೈಲಿನಲ್ಲಿ ಉಳಿಸಿದ್ದನ್ನು ಬಾಡಿಗೆಯಲ್ಲಿ ತೆರುತ್ತಾರೆ. ತೆರಲಾರದವರು ಗಂಟುಮೂಟೆ ಕಟ್ಟಿ ರೈಲಿಲ್ಲದ ಕಡೆಗೆ ಹೋಗುತ್ತಾರೆ. ಬಸ್ಸು, ರೈಲುಗಳ ಅಗತ್ಯ ಹೆಚ್ಚಾಗಿರುವವರು ಸಾಮಾನ್ಯವಾಗಿ ಅವರೇ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಜಪಾನಿನ ಒಸಾಕಾ ಬಳಿ ಕೊಬಾಯಾಶಿ ಇಚಿಜೊ 1910ರಲ್ಲಿ ರೈಲು ಓಡಿಸಿದಾಗ, ಹಳಿಯ ಪಕ್ಕದ ನೆಲವನ್ನೂ ಕಂಪನಿಯಿಂದಲೇ ಕೊಳ್ಳಿಸಿ, ಮನೆ ಕಟ್ಟಿಸಿ, ನೌಕರರಿಗೆ ಕಂತಿನ ಮೇಲೆ ಮಾರಿದ. ನೆಲದ ಲಾಭ ರೈಲಿನ ಕೈಗೇ ಬಂತು. ಲಂಡನ್ನಿನ ಎಲಿಜಬೆತ್ ಮಾರ್ಗದ ವೆಚ್ಚಕ್ಕಾಗಿ ನಗರದ ದೊಡ್ಡ ವ್ಯಾಪಾರಿ ಕಟ್ಟಡಗಳ ಮೇಲೆ 2010ರಿಂದಲೇ ಹೆಚ್ಚುವರಿ ತೆರಿಗೆ ಹಾಕಿದರು. ರೈಲು ಓಡಿದ್ದು 2022ರಲ್ಲಿ. ಕರ್ನಾಟಕದ ನಗರ ಯೋಜನಾ ಕಾಯಿದೆಯಲ್ಲಿಯೂ ಹೊಸ ಬಡಾವಣೆ, ಕಟ್ಟಡಗಳಿಗೆ ಒಪ್ಪಿಗೆ ಕೊಡುವಾಗ ಇಂಥ ಸಾರಿಗೆಗಾಗಿ ಸೆಸ್ ವಿಧಿಸಲು ಅವಕಾಶವಿದೆ. ಆದರೆ ಹೊಸದಾಗಿ ಏನನ್ನೂ ಕಟ್ಟದೆ, ಬೆಲೆ ಏರುವುದನ್ನು ಸುಮ್ಮನೆ ನೋಡುತ್ತಿರುವ ನಿವೇಶನ ಅದಕ್ಕೆ ಸಿಕ್ಕುವುದಿಲ್ಲ. ಸಾರ್ವಜನಿಕರ ಹಣದಿಂದ ಏರಿದ ಬೆಲೆಯಲ್ಲಿ ಒಂದು ಪಾಲು ಸಾರ್ವಜನಿಕರಿಗೆ ಮರಳಿದರೆ, ಅದರಿಂದ ನಿಲ್ದಾಣದ ಬಳಿ ಸಾಧಾರಣ ಆದಾಯದವರಿಗೂ ನಾಲ್ಕು ಮನೆ ಕಟ್ಟಬಹುದು.

ಮನೆ ಕೊಳ್ಳಹೊರಟವರಿಗೆ ಒಂದು ಮಾತು. ನಕ್ಷೆಯಲ್ಲಿನ ಬಣ್ಣದ ಗೆರೆಯನ್ನು ನೋಡಿ ಮುಂಗಡ ಕೊಡಬೇಡಿ. ಬೆಳಗ್ಗೆ ಎಂಟು ಗಂಟೆಗೆ ಆ ಮನೆಯ ಬಾಗಿಲಿನಿಂದ ನಿಲ್ದಾಣದವರೆಗೆ ಒಮ್ಮೆ ನಡೆದು ಹೋಗಿ. ದಾಟಬೇಕಾದ ರಸ್ತೆಗಳೆಷ್ಟು, ಗಾಡಿಗಾಗಿ ಕಾಯುವ ಹೊತ್ತೆಷ್ಟು ಎಂದು ಗಡಿಯಾರ ನೋಡಿಕೊಳ್ಳಿ. ರೈಲು ಇನ್ನೂ ಓಡುತ್ತಿಲ್ಲವಾದರೆ, ಅದು ಐದು ವರ್ಷ ತಡವಾದರೂ ಆ ಮನೆಯಲ್ಲಿ ನೆಮ್ಮದಿಯಿಂದ ಇರಬಲ್ಲೆವೆ ಎಂದು ಮನೆಯವರೆಲ್ಲ ಕೂತು ಯೋಚಿಸಿ. ಇರಬಲ್ಲೆವೆಂದು ಎಲ್ಲರೂ ಒಪ್ಪಿದರೆ, ಆಮೇಲೆ ಬೆಲೆಯ ಮಾತು.